ಮಣ್ಣಿಗೆ ಹಾಕಿದ ಹೆಪ್ಪು

ಕೇಳು ಮಗ, ಒಂದಾನೊಂದು ಕಾಲದಲ್ಲಿ, ಮಣ್ಣಿಗೂ ಹೊಟ್ಟೆ ಹಸೀತಿದ್ದ ಕಾಲದಲ್ಲಿ, ಪಿಳ್ಳಮ್ಮ ಅಂತ ಒಬ್ಬಳು ರೇಷ್ಮೆ ಹುಳ ಸಾಕೋ ಮನೆಗೆ ಸೊಸೆಯಾಗಿ ಬಂದಳಂತೆ. ಬಂದ ವರ್ಷವೇ ಹಿಪ್ಪುನೇರಳೆ ತೋಟ ಹಳದಿಯಾಗಿ, ಪೊರೆ ಬಿಡೋ ಜ್ವರಕ್ಕೆ ಮಲಗಿ ಎದ್ದ ಹುಳ ತಲೆಯೆತ್ತಿ ಎಲೆ ಹುಡುಕಿ ಹುಡುಕಿ ತಟ್ಟೇಲೇ ಸತ್ತುಹೋದ್ವಂತೆ. ಅತ್ತೆ ಮುನಿಚೌಡಮ್ಮ, ನಿನ್ನ ಕಾಲ್ಗುಣ ಕಣೇ ಇದು, ಇನ್ನು ಮೂರು ಬೆಳೆ ನೋಡ್ತೀನಿ, ಆಮೇಲೆ ತೌರಿನ ದಾರಿ ಹಿಡಿ ಅಂದಳಂತೆ.

ಆಮೇಲೆ ಪಿಳ್ಳಮ್ಮ ಅಳ್ತಾ ಕಾಡಿಗೆ ಹೋದ್ರೆ, ಹುತ್ತದ ಪಕ್ಕ ಕೂತಿದ್ದ ಮುದುಕಿಯೊಬ್ಬಳು ಮೂರು ಕುಡಿಕೆ ಕೊಟ್ಟು, ಹಾಲಿಗೆ ಹೆಪ್ಪು ಇದ್ದಂಗೆ ಇದು ಮಣ್ಣಿಗೆ ಹೆಪ್ಪು ತಾಯಿ, ಇದರಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ, ಸಗಣಿ ಗೊಬ್ಬರದಲ್ಲಿ ಕಲಸಿ, ನೆರಳಲ್ಲಿಟ್ಟು, ಬೇರಿಗೆ ಹಾಕು, ಅವು ಗಿಡಕ್ಕೆ ಉಣ್ಣಿಸ್ತವೆ ಅಂದಳಂತೆ.

ಮೊದಲನೇ ಕುಡಿಕೇನ ಗಂಡ ಬಿಸಿಲಿಗೆ ಒಣಗಿಸಿಬಿಟ್ಟನಂತೆ. ಜೀವ ಸತ್ವು, ಎಲೆ ಬರಲಿಲ್ಲ, ಆ ಬೆಳೆ ಹುಳವೂ ಹೋದ್ವು. ಎರಡನೇದಕ್ಕೆ, ಬೇಗ ಚಿಗುರಲಿ ಅಂತ ಮೈದುನ ಉಪ್ಪುಗೊಬ್ಬರ ಬೆರೆಸಿದನಂತೆ. ಉಪ್ಪಿನ ಉರಿಗೆ ಆ ಜೀವಗಳೂ ಸತ್ವು, ಆ ಬೆಳೆಯೂ ಹೋಯ್ತು. ಹುಳ ಹೂತೂ ಹೂತೂ ಪಿಳ್ಳಮ್ಮನ ಉಗುರೆಲ್ಲ ಕಪ್ಪಾಯ್ತಂತೆ.

ಆಮೇಲೆ ಮೂರನೇದನ್ನ ತಾನೇ ಕಲಸಿ ಬುಟ್ಟಿಯಲ್ಲಿ ತೋಟಕ್ಕೆ ತಂದ್ರೆ, ಅತ್ತೆ ಸುಣ್ಣದ ಪುಡಿ ಹೊತ್ತು ಎದುರು ಬಂದಳಂತೆ. ರೇಷ್ಮೆಯೋರು ಸುಣ್ಣ ಎರಚದೆ ಹುಳಮನೆ ಹೊಸಲು ದಾಟೋರಲ್ಲ ಮಗ, ಕಣ್ಣಿಗೆ ಕಾಣದ ಜೀವ ಅಂದ್ರೆ ಅವರಿಗೆ ರೋಗವೇ.

ಕಾಣದ್ದನ್ನೆಲ್ಲ ತೋಟಕ್ಕೆ ಬಿಟ್ಟು ನನ್ನ ಮನೆ ಗುಡಿಸಿ ಗುಂಡಾಂತರ ಮಾಡ್ತೀಯೇನೇ, ಸರಿ ಅತ್ಲಾಗೆ ಅಂದಳಂತೆ ಅತ್ತೆ.

ಸುಣ್ಣ ಬೇಡ ಅತ್ತೆ, ಸುಟ್ಟುಹೋಗ್ತವೆ ಅಂದಳಂತೆ ಇವಳು.

ಸುಡಲಿ ಅಂತಾನೇ ತಂದಿರೋದು ಅಂತ ಅತ್ತೆ ಎರಚೋಕೂ, ಪಿಳ್ಳಮ್ಮ ಬುಟ್ಟಿಗೆ ಅಡ್ಡ ಬರೋಕೂ ಸರಿಹೋಯ್ತಂತೆ. ಸುಣ್ಣವೆಲ್ಲ ಮುಖಕ್ಕೆ ಬಿತ್ತು. ಒಂದು ಕಣ್ಣು ಅವತ್ತೇ ಹೋಯ್ತು. ಆದ್ರೂ ಅವಳು ತಡಕಾಡ್ಕೊಂಡು, ಒಂದು ಹಿಡಿ ಮುಂದಿನ ಬೆಳೆಗೆ ಹೆಪ್ಪಾಗಿ ಉಳಿಸಿ, ಮಿಕ್ಕಿದ್ದನ್ನೆಲ್ಲ ಬೇರು ಬೇರಿಗೆ ಹಾಕಿದಳಂತೆ. ಅತ್ತೆ ಮತ್ತೆ ಸುಣ್ಣ ತರೋಕೆ ಹೋಗಲಿಲ್ಲವಂತೆ.

ಆಮೇಲೆ ತೋಟ ಕಡುಹಸಿರಾಗಿ, ಎಲೆ ಅಂಗೈಯಗಲ ಬಂದು, ಹುಳ ಮಳೆ ಸುರಿದಂಗೆ ಸದ್ದು ಮಾಡ್ತಾ ತಿಂದು, ಚಂದ್ರಿಕೆ ಅನ್ನೋ ಬಿದಿರು ತಟ್ಟಿ ಹತ್ತಿ ಗೂಡು ಕಟ್ಟಿದ್ವಂತೆ. ತೌರಿನ ಮಾತು ಆ ಮನೇಲಿ ಮತ್ತೆ ಯಾರೂ ಎತ್ತಲಿಲ್ಲ. ಪ್ರತಿ ಬೆಳೆಗೂ ಪಿಳ್ಳಮ್ಮ ಗೊಬ್ಬರ ಕಲಸುವಾಗ, ಬಿಸಿಲು ಬೀಳದಂಗೆ ಅತ್ತೇನೇ ಸೆರಗು ಅಡ್ಡ ಹಿಡ್ಕೊಂಡು ನಿಲ್ತಿದ್ದಳಂತೆ.

ಕಣ್ಣು ವಾಪಸ್ ಬಂತಾ ಅಂತೀಯಾ? ಇಲ್ಲ ಮಗ. ಎಲೆ ಬಂತು. ಕತೆ ಅಲ್ಲಿಗೆ ಮುಗೀತು, ಮಲಕ್ಕೋ.