ಏರಿ ಒಡೆಯುವವರೆಗೂ ನಡೆದ ಸಭೆ

ಅದು ರಾಜನಿಲ್ಲದ ಕಾಡು, ಮಕ್ಕಳೇ. ಅಲ್ಲಿ ಸಿಂಹವೂ ಇರಲಿಲ್ಲ, ಹುಲಿಯೂ ಇರಲಿಲ್ಲ. ಹಾಗಾಗಿ ಏನೇ ನಡೆದರೂ ಪ್ರಾಣಿಗಳು ಆಲದ ಮರದಡಿ ಸಭೆ ಸೇರಿ ತೀರ್ಮಾನ ಮಾಡಬೇಕಿತ್ತು. ಸಭೆ ಸೇರುವುದು ಅವುಗಳಿಗೆ ಚೆನ್ನಾಗಿ ಅಭ್ಯಾಸವಾಗಿತ್ತು. ತೀರ್ಮಾನ ಮಾಡುವುದು ಮಾತ್ರ ಇನ್ನೂ ಅಭ್ಯಾಸವಾಗಬೇಕಿತ್ತು.

ಕಾಡಿನ ನಡುವೆ ಒಂದು ಹಳೆಯ ಕೆರೆ. ಯಾವ ಕಾಲದಲ್ಲೋ ಮನುಷ್ಯರು ಉದ್ದಕ್ಕೆ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿ, ಆಮೇಲೆ ಎಲ್ಲಿಗೋ ಹೊರಟುಹೋಗಿದ್ದರು. ಏರಿಯ ಮೇಲೆ ಒತ್ತಾಗಿ ಹುಲ್ಲು ಬೆಳೆದಿತ್ತು. ಆ ಹುಲ್ಲಿನಲ್ಲಿ ಮೊಲಗಳು ವಾಸವಾಗಿದ್ದವು. ಏರಿಯ ಕೆಳಗಿನ ಜೌಗು ನೆಲದಲ್ಲಿ ಕಾಡುಹಂದಿಗಳಿದ್ದವು. ಅಲ್ಲಿ ಕೆಸರಿಗೂ ಕೊರತೆಯಿರಲಿಲ್ಲ, ಗೆಡ್ಡೆಗೂ ಕೊರತೆಯಿರಲಿಲ್ಲ. ಎರಡು ಕಡೆಯವರೂ ತಲೆತಲಾಂತರದಿಂದ ಅಕ್ಕಪಕ್ಕದಲ್ಲೇ ಬದುಕಿಕೊಂಡು ಬಂದಿದ್ದರು.

ಹಂದಿಗಳ ಯಜಮಾನ ಗೊರಕಯ್ಯನಿಗೆ ಒಂದೇ ಒಂದು ಕೊರಗು. ಅವನು ಜೌಗಿನಿಂದ ತಲೆ ಎತ್ತಿದಾಗಲೆಲ್ಲ ಮೊಲಗಳು ಮೇಲೆ ಕಾಣುತ್ತಿದ್ದವು. ತನಗಿಂತ ಚಿಕ್ಕವರು ತನಗಿಂತ ಎತ್ತರದಲ್ಲಿ ಕೂತು ಹುಲ್ಲು ತಿನ್ನುವುದನ್ನು ಅವನಿಂದ ಸಹಿಸಲಾಗಲಿಲ್ಲ. ಒಂದು ದಿನ ಅವನಿಗೆ ಇದ್ದಕ್ಕಿದ್ದಂತೆ ಇತಿಹಾಸ ನೆನಪಾಯಿತು. ಅವನ ಮುತ್ತಜ್ಜ ಒಮ್ಮೆ ಆ ಏರಿಯ ಮೇಲೆ ಮಧ್ಯಾಹ್ನದ ನಿದ್ದೆ ಮಾಡಿದ್ದನಂತೆ. ಅಲ್ಲಿ ನಿದ್ದೆ ಮಾಡಿದ ಮೇಲೆ ಏರಿ ಹಂದಿಗಳದ್ದೇ ಆಯಿತಲ್ಲ ಎಂದು ಅವನು ತನ್ನವರಿಗೆ ವಿವರಿಸಿದ. ಯಾರೂ ಎದುರು ಪ್ರಶ್ನೆ ಕೇಳಲಿಲ್ಲ. ಅವನ ಕೋರೆಹಲ್ಲುಗಳು ಗೇಣುದ್ದ ಇದ್ದವು.

ಮರುದಿನ ಇಬ್ಬನಿ ಆರುವ ಮೊದಲೇ ಇಪ್ಪತ್ತು ಹಂದಿಗಳು ಏರಿ ಹತ್ತಿದವು.

ತುಂಬಕ್ಕ ಎಂಬ ಮೊಲ ತನ್ನ ಮೂರು ಮರಿಗಳನ್ನು ಹುಲ್ಲಿನಲ್ಲಿ ಮಲಗಿಸಿ ಸ್ವಲ್ಪ ದೂರದಲ್ಲಿ ಮೇಯುತ್ತಿದ್ದಳು. ಹಂದಿಗಳನ್ನು ಮೊದಲು ಕಂಡವನು ಅವಳ ಅಣ್ಣ ಹಸಿರಯ್ಯ. ಅವನು ಹಿಂಗಾಲಿನಿಂದ ನೆಲ ಬಡಿದು ಎಲ್ಲರಿಗೂ ಸೂಚನೆ ಕೊಟ್ಟ. ಕೊಟ್ಟು ತಾನೂ ಓಡಬಹುದಿತ್ತು. ಓಡಲಿಲ್ಲ. ಕೊನೆಯ ಮರಿ ದಾಟುವವರೆಗೂ ದಾರಿಗೆ ಅಡ್ಡ ನಿಂತು ನೆಲ ಬಡಿಯುತ್ತಲೇ ಇದ್ದ. ಗೊರಕಯ್ಯನ ಕೋರೆ ಅವನ ಪಕ್ಕೆ ಸೀಳಿತು.

ತುಂಬಕ್ಕ ಮರಿಗಳನ್ನು ಕರೆದುಕೊಂಡು ಬಂಡೆಗಳ ಕಡೆಗೆ ಓಡಿದಳು. ಅಲ್ಲಿ ಸೀಗವ್ವ ಎಂಬ ಮುದಿ ಮುಳ್ಳುಹಂದಿಯ ಬಿಲವಿತ್ತು. ಏನಾಯಿತು, ಯಾಕಾಯಿತು, ತಪ್ಪು ಯಾರದು ಎಂದು ಸೀಗವ್ವ ಕೇಳಲಿಲ್ಲ. ಮರಿಗಳನ್ನು ಒಳಗೆ ಬಿಟ್ಟುಕೊಂಡು, ತಾನು ಬಾಗಿಲಲ್ಲಿ ಮುಳ್ಳು ಬಿಚ್ಚಿ ಕೂತಳು. ಬಿಸಿಲು ಏರುವಷ್ಟರಲ್ಲಿ ಅದೇ ಬಿಲಕ್ಕೆ ಇನ್ನೂ ಎಂಟು ಮರಿಗಳು ಬಂದು ಸೇರಿದವು.

“ನೀನು ಸಭೆಗೆ ಹೋಗು, ತುಂಬಕ್ಕ,” ಎಂದಳು ಸೀಗವ್ವ. “ಆನೆ ದೊಡ್ಡಯ್ಯ ಒಂದು ಸಲ ಏರಿ ಮೇಲೆ ನಡೆದುಬಂದರೆ ಒಂದು ಹಂದಿಯೂ ಅಲ್ಲಿ ನಿಲ್ಲಲ್ಲ. ಮರಿಗಳನ್ನ ನಾನು ನೋಡ್ಕೊಳ್ತೀನಿ.”

ಆಲದ ಮರದಿಂದ ಏರಿಗೆ ಆನೆಯ ಹೆಜ್ಜೆಯಲ್ಲಿ ಇನ್ನೂರು ಹೆಜ್ಜೆ, ಅಷ್ಟೆ.

ತುಂಬಕ್ಕ ಹೋಗುವಷ್ಟರಲ್ಲಿ ಸಭೆ ತುಂಬಿತ್ತು. ಅಧ್ಯಕ್ಷ ಆನೆ ದೊಡ್ಡಯ್ಯ ನಡುವೆ ನಿಂತಿದ್ದ. ಕಾರ್ಯದರ್ಶಿ ನರಿ ಮುತ್ತುಗದ ಎಲೆ ಹರಡಿಕೊಂಡು ಬರೆಯಲು ಕೂತಿದ್ದ. ಅವಳು ನಡೆದದ್ದನ್ನೆಲ್ಲ ಹೇಳಿದಳು. ಎಲ್ಲರೂ ಬಹಳ ಗಮನವಿಟ್ಟು ಕೇಳಿದರು. ಗಮನವಿಟ್ಟು ಕೇಳುವುದರಲ್ಲಿ ಆ ಸಭೆಯನ್ನು ಮೀರಿಸುವವರು ಯಾರೂ ಇರಲಿಲ್ಲ. ದೊಡ್ಡಯ್ಯನ ಕಣ್ಣಲ್ಲಿ ನೀರೂ ಬಂತು. ತನಗೆ ತೀವ್ರ ಕಳವಳವಾಗಿದೆ ಎಂದು ಅವನು ಹೇಳಿದ, ನರಿ ಬರೆದುಕೊಂಡ.

“ಕಳವಳ ನಮಗೂ ಆಗಿದೆ, ದೊಡ್ಡಯ್ಯನವರೇ,” ಎಂದಳು ತುಂಬಕ್ಕ. “ನೀವು ಏರಿ ಮೇಲೆ ಒಂದು ಸಲ ನಡೆದುಬನ್ನಿ. ಅಷ್ಟು ಸಾಕು. ನೀವು ಯಾರನ್ನೂ ಹೊಡೆಯೋದು ಬೇಡ.”

“ನೋಡಮ್ಮ, ನಾನು ಅಧ್ಯಕ್ಷ. ಒಂದು ಕಡೆಗೆ ಮಾತ್ರ ನಡೆದರೆ ಪಕ್ಷಪಾತ ಆಗುತ್ತೆ. ನಡೆದರೆ ಎರಡೂ ಕಡೆಗೆ ಸಮನಾಗಿ ನಡೀಬೇಕು.”

ಎರಡೂ ಕಡೆಗೆ ಸಮನಾಗಿ ನಡೆಯುವುದು ಹೇಗೆಂದು ಯಾರಿಗೂ ಹೊಳೆಯದ ಕಾರಣ ಅವನು ನಿಂತಲ್ಲೇ ನಿಂತ.

ಆಮೇಲೆ ಕರಡಿ ಕಂಬಳಿಯಪ್ಪ ಮಾತಾಡಿದ. ಹಂದಿಗಳ ಜೌಗಿನ ಅಂಚಿನಲ್ಲಿ ಹಿಪ್ಪೆ ಮರಗಳಿದ್ದವು. ಆಗ ಹಿಪ್ಪೆ ಹೂವು ಉದುರುವ ಕಾಲ. ಗೊರಕಯ್ಯ ಒಪ್ಪಿದರೆ ಮಾತ್ರ ಕಂಬಳಿಯಪ್ಪನಿಗೆ ಅಲ್ಲಿ ಹೂವು. ಇದಕ್ಕೂ ಅವನ ಮಾತಿಗೂ ಯಾವ ಸಂಬಂಧವೂ ಇಲ್ಲವೆಂದು ಅವನೇ ಮೊದಲು ಸ್ಪಷ್ಟಪಡಿಸಿದ. ಅಕ್ಕಪಕ್ಕದವರೆಂದ ಮೇಲೆ ಮಾತು ಬರುವುದು ಸಹಜ, ಹಂದಿಗಳಿಗೂ ಅವರದ್ದೇ ಆದ ನೋವಿರಬಹುದು, ಇಬ್ಬರೂ ಸಂಯಮ ಕಾಪಾಡಿಕೊಳ್ಳಬೇಕು ಎಂದ.

“ನಮ್ಮಣ್ಣ ಸತ್ತುಹೋಗಿದ್ದಾನೆ, ಕಂಬಳಿಯಪ್ಪ,” ಎಂದಳು ತುಂಬಕ್ಕ. “ಅವನೀಗ ಪೂರ್ತಿ ಸಂಯಮದಲ್ಲೇ ಇದ್ದಾನೆ.”

ಸಭೆ ಒಂದು ಕ್ಷಣ ಸುಮ್ಮನಾಯಿತು. ಆ ಮೌನವನ್ನು ಹಾಳು ಮಾಡಬಾರದೆಂದು ನವಿಲು ಎದ್ದು, ಮೊಲಗಳಿಗೆ ಬೆಂಬಲ ಸೂಚಿಸಿ ಗರಿ ಬಿಚ್ಚಿ ಕುಣಿಯಿತು. ಕುಣಿತ ಬಹಳ ಹೊತ್ತು ನಡೆಯಿತು. ಮುಗಿದ ಮೇಲೆ ಅದು ತುಂಬಕ್ಕನ ಹತ್ತಿರ ಬಂದು, ಕುಣಿತ ಹೇಗಿತ್ತು, ಮನಸ್ಸಿಗೆ ಸಮಾಧಾನವಾಯಿತೇ ಎಂದು ವಿಚಾರಿಸಿತು.

ಮಧ್ಯಾಹ್ನದ ಮೇಲೆ ನಿರ್ಣಯ ಬರೆಯುವ ಕೆಲಸ ಶುರುವಾಯಿತು. ನರಿ ಮೊದಲು, ಇದೊಂದು ಮಾನವೀಯ ಕೃತ್ಯ ಎಂದು ಬರೆದ. ಆ ಕಾಡಿನಲ್ಲಿ ಅದಕ್ಕಿಂತ ಕೆಟ್ಟ ಬೈಗುಳ ಇರಲಿಲ್ಲ. ಅದು ಅತಿಯಾಯಿತೆಂದು ಕರಡಿ ಅಳಿಸಿದ. ‘ದಾಳಿ’ ಎಂಬ ಮಾತೂ ಒರಟಾಯಿತು ಎಂದ. ‘ಅನಿರೀಕ್ಷಿತ ಭೇಟಿ’ ಎಂದರೆ ಹೇಗೆ ಎಂದು ಕೇಳಿದ. ಎರಡಕ್ಕೂ ನಡುವಿನ ಮಾತೊಂದನ್ನು ಹುಡುಕುವಷ್ಟರಲ್ಲಿ ಮೂರು ದಿನ ಕಳೆಯಿತು. ಕೊನೆಗೆ ‘ಏರಿಯ ಮೇಲಿನ ಅಹಿತಕರ ಬೆಳವಣಿಗೆ’ ಎಂದು ಬರೆದು, ದೊಡ್ಡಯ್ಯನ ಹೆಜ್ಜೆಗುರುತು ಒತ್ತಿಸಿ, ತುಂಬಕ್ಕನ ಕೈಗೆ ಕೊಟ್ಟರು.

ಅವಳು ಆ ಎಲೆಯನ್ನು ಬಿಲಕ್ಕೆ ತಂದು ಸೀಗವ್ವನಿಗೆ ಓದಿ ಹೇಳಿದಳು. ಓದಿ ಕೆಳಗಿಟ್ಟದ್ದೇ ತಡ, ಹಸಿದಿದ್ದ ಮರಿಗಳು ಅದನ್ನು ತಿಂದುಬಿಟ್ಟವು. ಆ ಯುದ್ಧದಲ್ಲಿ ಸಭೆಯ ಕಡೆಯಿಂದ ಅವುಗಳ ಹೊಟ್ಟೆಗೆ ಬಿದ್ದದ್ದು ಅದೊಂದೇ.

ಇತ್ತ ಏರಿಯ ಮೇಲೆ ಹಂದಿಗಳು ಸುಮ್ಮನೆ ಕೂತಿರಲಿಲ್ಲ. ಹಂದಿಗೆ ನೆಲ ಸಿಕ್ಕರೆ ಅದು ಅಗೆಯುತ್ತದೆ. ಹುಲ್ಲು ಕಿತ್ತು, ಬೇರು ಕಿತ್ತು, ಬೇರಿನ ಕೆಳಗಿನ ಗೆಡ್ಡೆ ಹುಡುಕುತ್ತಾ ಅವು ಏರಿಯ ಬೆನ್ನನ್ನೇ ತೋಡತೊಡಗಿದವು. ಐದನೆಯ ದಿನ ತುಂಬಕ್ಕ ಬಂಡೆಯ ಮೇಲೆ ನಿಂತು ನೋಡಿದಾಗ ಏರಿಯ ಹೊರಮೈಯಲ್ಲಿ ಒಂದು ಕಡೆ ನೀರು ಜಿನುಗುತ್ತಿತ್ತು. ಅವಳು ಹುಟ್ಟಿ ಬೆಳೆದ ಜಾಗ ಅದು. ಎಲ್ಲಿ ಮಣ್ಣು ಗಟ್ಟಿ, ಎಲ್ಲಿ ಸಡಿಲ ಎಂದು ಅವಳ ಕಾಲಿಗೆ ಗೊತ್ತಿತ್ತು.

ಅವಳು ಮತ್ತೆ ಆಲದ ಮರಕ್ಕೆ ಓಡಿದಳು. ಈ ಸಲ ಅಣ್ಣನ ಹೆಸರು ಎತ್ತಲಿಲ್ಲ, ಮರಿಗಳ ಹೆಸರೂ ಎತ್ತಲಿಲ್ಲ.

“ನಮಗಾಗಿ ಬರೋದು ಬೇಡ,” ಎಂದಳು. “ಏರಿ ಬಿರುಕು ಬಿಟ್ಟಿದೆ. ಹುಲ್ಲಿನ ಬೇರು ಹೋದರೆ ಮಣ್ಣು ನಿಲ್ಲಲ್ಲ. ನೀವೆಲ್ಲ ಕುಡಿಯೋ ನೀರು ಅದು. ನಿಮಗಾಗಿಯಾದರೂ ಬನ್ನಿ.”

ನೀರು ಆಕಾಶದಿಂದ ಬರುತ್ತದೆಯೇ ಹೊರತು ಮೊಲಗಳಿಂದ ಅಲ್ಲ ಎಂದ ಕಂಬಳಿಯಪ್ಪ. ಅವನ ಬಾಯಿಂದ ಹಿಪ್ಪೆ ಹೂವಿನ ವಾಸನೆ ಬರುತ್ತಿತ್ತು. ನೊಂದವರು ಸ್ವಲ್ಪ ಹೆಚ್ಚಿಗೆ ಹೇಳುವುದು ಸಹಜವೆಂದು ನವಿಲು ಎಲ್ಲರಿಗೂ ತಿಳಿಹೇಳಿತು. ದೊಡ್ಡಯ್ಯ ಮಾತ್ರ ಯೋಚಿಸಿದ. ಯೋಚಿಸಿ, ತನ್ನ ತೀವ್ರ ಕಳವಳವನ್ನು ಅತಿ ತೀವ್ರ ಕಳವಳ ಎಂದು ತಿದ್ದಲು ನರಿಗೆ ಹೇಳಿದ. ಜೊತೆಗೆ, ಏರಿಯನ್ನು ನೋಡಿಬರಲು ಒಂದು ತಂಡವನ್ನೂ ಕಳಿಸಿದ. ತಂಡದಲ್ಲಿ ನರಿ, ನವಿಲು, ಕರಡಿ ಇದ್ದರು. ಅವರು ಕೆರೆಯ ಈಚೆ ದಡದಲ್ಲೇ ನಿಂತು ದೂರದಿಂದ ನೋಡಿ, ಏರಿ ಇದೆ ಎಂದು ವರದಿ ಕೊಟ್ಟರು.

ವರದಿ ಸರಿಯಾಗಿಯೇ ಇತ್ತು. ಏರಿ ಇನ್ನೂ ಎರಡು ದಿನ ಇತ್ತು.

ಏಳನೆಯ ದಿನ ಮಧ್ಯಾಹ್ನ ಗೊರಕಯ್ಯ ತಾನೇ ತೋಡಿದ ಗುಂಡಿಯಲ್ಲಿ ಮಲಗಿದ್ದ. ತನ್ನ ಮುತ್ತಜ್ಜನ ಜಾಗದಲ್ಲಿ ಮಧ್ಯಾಹ್ನದ ನಿದ್ದೆ ಮಾಡಬೇಕೆಂಬುದು ಅವನ ಬಹುದಿನದ ಆಸೆ. ಹೊಟ್ಟೆಯ ಕೆಳಗೆ ತಣ್ಣಗೆ ನೀರು ಬಂತು. ಏರಿಯ ಮೇಲೂ ಕೆಸರು ಸಿಕ್ಕಿತೆಂದು ಅವನು ಖುಷಿಪಟ್ಟು ಹೊರಳಿದ. ಎರಡನೆಯ ಸಲ ಹೊರಳುವಾಗ ನೆಲವೂ ಅವನ ಜೊತೆ ಹೊರಳಿತು. ಏರಿಯ ಒಂದು ಭಾಗ ದಬ್ಬನೆ ಕುಸಿದು, ಕೆರೆಗೆ ಕೆರೆಯೇ ಆ ಸಂದಿಯಿಂದ ನುಗ್ಗಿತು.

ನೀರು ಕೆಳಕ್ಕೇ ಹೋಗುತ್ತದೆ. ಕೆಳಗೆ ಇದ್ದದ್ದು ಹಂದಿಗಳ ಜೌಗು. ಅಲ್ಲಿ ತಾಯಂದಿರು, ಮರಿಗಳು, ಮುದುಕರು ಇದ್ದರು. ಗೊರಕಯ್ಯನ ತಂಗಿ ಕೆಂಚವ್ವ ತನ್ನ ಐದು ಮರಿಗಳನ್ನು ದಡಕ್ಕೆ ನೂಕಲು ನೋಡಿದಳು. ಎರಡನ್ನು ನೂಕಿದಳು. ಮೂರು ಅವಳ ಕಣ್ಣೆದುರೇ ಕೊಚ್ಚಿಹೋದವು. ಗೊರಕಯ್ಯ ಮಾತ್ರ ಬಿದಿರು ಮೆಳೆಗೆ ಸಿಕ್ಕಿಕೊಂಡು ಬದುಕಿಕೊಂಡ. ಅಂಥವರು ಸಾಮಾನ್ಯವಾಗಿ ಬದುಕಿಕೊಳ್ಳುತ್ತಾರೆ.

ಸಂಜೆ ದೊಡ್ಡಯ್ಯ ಆಲದ ಮರದ ಪಕ್ಕದ ದಡದಲ್ಲಿ ನೀರು ಕುಡಿಯಲು ಇಳಿದ. ಸೊಂಡಿಲು ಇಳಿಸಿದರೆ ಕೆಸರು. ಇನ್ನೂ ಮುಂದೆ ಹೋಗಿ ಇಳಿಸಿದ. ಕೆಸರಿನಲ್ಲಿ ಮೀನುಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಆಗ ಅವನಿಗೆ ಕಳವಳವಾಗಲಿಲ್ಲ, ಸಿಟ್ಟು ಬಂತು. ಅಧ್ಯಕ್ಷ ಪದವಿ, ಎರಡೂ ಕಡೆಯ ಸಮಾನತೆ ಯಾವುದೂ ನೆನಪಾಗಲಿಲ್ಲ. ಘೀಳಿಟ್ಟು, ಮರದಿಂದ ಏರಿಗೆ ಇನ್ನೂರು ಹೆಜ್ಜೆ ಹಾಕಿ ಬಂದೇ ಬಿಟ್ಟ. ಏರಿಯ ಮೇಲೆ ಉಳಿದಿದ್ದ ಹಂದಿಗಳು ಅವನನ್ನು ನೋಡಿದ್ದೇ ಗುಡ್ಡದ ಕಡೆ ಓಟ ಕಿತ್ತವು. ಮೆಳೆಯಿಂದ ಬಿಡಿಸಿಕೊಂಡ ಗೊರಕಯ್ಯ ಎಲ್ಲರಿಗಿಂತ ಮುಂದೆ ಓಡುತ್ತಿದ್ದ. ಅವನು ಮತ್ತೆ ಆ ಕಾಡಿಗೆ ಬರಲಿಲ್ಲ.

ಒಡೆದ ಏರಿಯ ಅಂಚಿನಲ್ಲಿ ತುಂಬಕ್ಕ ಕೂತಿದ್ದಳು. ದೊಡ್ಡಯ್ಯ ಏದುಸಿರು ಬಿಡುತ್ತಾ, ಅವರನ್ನು ಓಡಿಸಿದ್ದಾಯಿತು, ಇನ್ನು ಭಯವಿಲ್ಲ ಎಂದ.

“ಮರದಿಂದ ಇಲ್ಲಿಗೆ ಬರೋಕೆ ಎಷ್ಟು ಹೊತ್ತಾಯ್ತು, ದೊಡ್ಡಯ್ಯನವರೇ?”

“ಈಗ ತಾನೇ ಹೊರಟೆ. ಎಷ್ಟು ಹೊತ್ತಾಗುತ್ತೆ?”

“ನಮ್ಮ ಕಡೆಯಿಂದ ನೋಡಿದರೆ ಏಳು ದಿನ ಆಯ್ತು,” ಎಂದಳು ತುಂಬಕ್ಕ.

ಉತ್ತರ ಬರೆದುಕೊಡಲು ನರಿ ಹತ್ತಿರದಲ್ಲಿರಲಿಲ್ಲ.

ಆ ಬೇಸಿಗೆ ಎಲ್ಲರಿಗೂ ಕಷ್ಟದ ಬೇಸಿಗೆಯಾಯಿತು. ನೀರು ಬೇಕೆಂದರೆ ಗುಡ್ಡ ದಾಟಿ ಹೊಳೆಗೆ ಹೋಗಬೇಕಿತ್ತು. ಹೊಳೆಯಲ್ಲಿ ಮೊಸಳೆಗಳಿದ್ದವು. ಕಂಬಳಿಯಪ್ಪನ ಹಿಪ್ಪೆ ಮರಗಳು ನೀರಿನ ರಭಸಕ್ಕೆ ಬುಡಸಮೇತ ಉರುಳಿದ್ದವು. ಅವನು ಈಗ ಹಂದಿಗಳನ್ನು ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದ. ತಾನು ಮೊದಲ ದಿನದಿಂದಲೂ ಮೊಲಗಳ ಪರವಾಗಿಯೇ ಇದ್ದೆ ಎಂದೂ ಹೇಳಿಕೊಂಡು ತಿರುಗುತ್ತಿದ್ದ.

ಮಳೆ ಬರುವ ಮೊದಲು ಏರಿ ಕಟ್ಟಬೇಕಿತ್ತು. ಯಾರೂ ಹೇಳದೆಯೇ ಸೀಗವ್ವ ಬಂಡೆಗಳ ಸಂದಿಯಿಂದ ಮಣ್ಣು ಕೆದಕಿ ತಳ್ಳತೊಡಗಿದಳು. ಮೊಲಗಳು ಅಲ್ಲಿ ಇಲ್ಲಿ ಉಳಿದಿದ್ದ ಹುಲ್ಲಿನ ಬುಡಗಳನ್ನು ಕಚ್ಚಿ ತಂದು ನೆಟ್ಟವು. ನಾಲ್ಕನೆಯ ದಿನ ಕೆಂಚವ್ವ ಬಂದಳು. ಎರಡು ಮರಿಗಳನ್ನು ಹಿಂದೆ ನಿಲ್ಲಿಸಿಕೊಂಡು, ತಲೆ ತಗ್ಗಿಸಿ, ದೂರದಲ್ಲೇ ನಿಂತಳು. ಮೊಲಗಳೆಲ್ಲ ಕೆಲಸ ನಿಲ್ಲಿಸಿ ತುಂಬಕ್ಕನ ಕಡೆ ನೋಡಿದವು.

ತುಂಬಕ್ಕ ಬಾಯಲ್ಲಿದ್ದ ಹುಲ್ಲಿನ ಬುಡವನ್ನು ನೆಟ್ಟು, ಸುತ್ತ ಮಣ್ಣು ತುಳಿದಳು. ಅಣ್ಣ ಬಿದ್ದ ಜಾಗ ಅಲ್ಲಿಂದ ಹತ್ತು ಹೆಜ್ಜೆಯಲ್ಲಿತ್ತು.

“ಮೂತಿಯಿಂದ ಮಣ್ಣು ತಳ್ಳೋಕೆ ನಿಮ್ಮವರಿಗೆ ಚೆನ್ನಾಗಿ ಬರುತ್ತೆ,” ಎಂದಳು ಕೊನೆಗೆ. “ಆ ಕಡೆಯಿಂದ ತಳ್ಳು. ಮರಿಗಳನ್ನ ನೆರಳಲ್ಲಿ ಕೂರಿಸು.”

ಹೀಗೆ ಕೆಲಸ ಸಾಗುತ್ತಿದ್ದಾಗ ಅತ್ತ ನರಿ ಒಂದು ಹೊಸ ನಿರ್ಣಯ ಬರೆದು ಸಭೆ ಕರೆದ. ಸಭೆಯ ಸತತ ಪ್ರಯತ್ನದಿಂದ ಕೆರೆಯ ದಡದಲ್ಲಿ ಶಾಂತಿ ನೆಲೆಸಿದೆ, ಅದಕ್ಕಾಗಿ ಸಭೆಯು ತನ್ನನ್ನು ತಾನೇ ಅಭಿನಂದಿಸಿಕೊಳ್ಳುತ್ತದೆ ಎಂದು ಅದರಲ್ಲಿತ್ತು. ಆಲದ ಮರದಡಿ ನಿಂತು ಅವನು ಅದನ್ನು ಸ್ಪಷ್ಟವಾಗಿ, ಗಂಭೀರವಾಗಿ ಓದಿದ. ಕೇಳಲು ನವಿಲು ಒಂದೇ ಇತ್ತು. ಅಧ್ಯಕ್ಷರ ಹೆಜ್ಜೆಗುರುತು ಬೇಕಲ್ಲ ಎಂದು ನರಿ ಸುತ್ತಲೂ ಹುಡುಕಿದ. ದೊಡ್ಡಯ್ಯ ಸಿಗಲಿಲ್ಲ. ಅವನು ಬೆಳಗಿನಿಂದ ಏರಿಗೆ ಕಲ್ಲು ಹೊರುತ್ತಿದ್ದ.

ನೀತಿ: ತಡೆಯುವ ಶಕ್ತಿ ಇದ್ದವರು ಬರೀ ಕಳವಳಪಟ್ಟು ಕೂತರೆ ಅನ್ಯಾಯ ನಿಲ್ಲುವುದಿಲ್ಲ, ನೆರೆಯವನ ಮನೆ ಮುಗಿಸಿಕೊಂಡು ಅವರ ಮನೆಗೂ ಬರುತ್ತದೆ.