ಬಣ್ಣ ಎದ್ದ ಜಾಗ

“ಗುರುಗಳೇ, ಕೆಟ್ಟದ್ದನ್ನು ಕೆಡಿಸಿದವನೇ ಸರಿಪಡಿಸಬೇಕೇ? ಬಲ್ಲವರ ಕೈಗೆ ಕೊಟ್ಟರೆ ಆಗದೇ?” ಎಂದು ಶಿಷ್ಯ ಚನ್ನವೀರ ಕೇಳಿದ.

“ಏನು ಕೆಟ್ಟಿದೆ?” ಎಂದರು ಗುರುಗಳು.

“ಅಣ್ಣನ ಮಗಳ ಮದುವೆಯ ಮಾತುಕತೆಗೆ ಹೋಗಿದ್ದೆ. ಬಂದ ನೆಂಟರ ಎದುರಿಗೇ ಅಣ್ಣನ ಬಗ್ಗೆ ಹಗುರವಾಗಿ ಮಾತಾಡಿಬಿಟ್ಟೆ. ನನ್ನನ್ನು ಎತ್ತಿ ಆಡಿಸಿ ಬೆಳೆಸಿದವನು ಅವನು. ಅಂದಿನಿಂದ ಮಾತು ಬಿಟ್ಟಿದ್ದಾನೆ. ನಿಮ್ಮ ಮಾತನ್ನು ಅವನು ಎಂದೂ ಮೀರುವುದಿಲ್ಲ. ನೀವು ಒಮ್ಮೆ ಹೋಗಿ ಸಮಾಧಾನ ಹೇಳಿದರೆ ಎಲ್ಲ ಮೊದಲಿನಂತಾಗುತ್ತದೆ.”

ಗುರುಗಳು ಹೋಗುತ್ತೇನೆ ಎನ್ನಲಿಲ್ಲ, ಹೋಗುವುದಿಲ್ಲ ಎಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಹೆದ್ದಾರಿಯ ಪಕ್ಕದ ಪೇಟೆಯೊಂದರಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ಎಲ್ಲದರಲ್ಲೂ ಅಚ್ಚುಕಟ್ಟು. ಅವನ ಅಂಗಡಿಯಲ್ಲಿ ಒಂದು ಚೀಲವೂ ಸಾಲು ತಪ್ಪಿ ನಿಲ್ಲುತ್ತಿರಲಿಲ್ಲ. ನಡುವಯಸ್ಸು ದಾಟಿದ ಮೇಲೆ ಅವನು ಕಾರು ಕೊಂಡ. ಬೆಳಿಗ್ಗೆ ಎದ್ದು ಮೊದಲು ಕಾರನ್ನು ಒರೆಸಿ, ಆಮೇಲೆ ಚಹಾ ಕುಡಿಯುತ್ತಿದ್ದ.

ಅವನ ಹೆಂಡತಿ ನೀಲಮ್ಮ. ನೀಲಮ್ಮನ ಅಕ್ಕ ಅದೇ ಪೇಟೆಯ ಇನ್ನೊಂದು ಓಣಿಯಲ್ಲಿದ್ದಳು. ಅಕ್ಕನಿಗೆ ಮೂತ್ರಪಿಂಡ ಕೆಟ್ಟಿತ್ತು. ವಾರಕ್ಕೆ ಎರಡು ಸಲ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಿತ್ತು. ಹೋಗುವಾಗ ಹೇಗೋ ಹೋಗುತ್ತಿದ್ದಳು. ಬರುವಾಗ ಅವಳಿಗೆ ನಿಲ್ಲುವ ಶಕ್ತಿಯೂ ಇರುತ್ತಿರಲಿಲ್ಲ. ವ್ಯಾಪಾರಿಗೆ ಮಾರುಕಟ್ಟೆ ಬಿಟ್ಟು ಬರಲಾಗುತ್ತಿರಲಿಲ್ಲ. ಹಾಗಾಗಿ ನೀಲಮ್ಮ ಕಾರು ಓಡಿಸುವುದನ್ನು ಕಲಿತಳು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಕೇಳಿದವರಿಗೆ ಅವಳು ಉತ್ತರ ಕೊಡಲಿಲ್ಲ. ಹಿಂದಿನ ಸೀಟಿನಲ್ಲಿ ದಿಂಬು ಇಟ್ಟು ಅಕ್ಕನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋಗಿಬರತೊಡಗಿದಳು.

ಒಂದು ದಿನ ಹೆದ್ದಾರಿಯಲ್ಲಿ ಮುಂದಿದ್ದ ಜಲ್ಲಿ ಲಾರಿಯಿಂದ ಕಲ್ಲು ಸಿಡಿದವು. ಬಾನೆಟ್ಟಿನ ಮೇಲೆ ಅಲ್ಲಲ್ಲಿ ಬಣ್ಣ ಎದ್ದಿತು. ಒಂದೊಂದು ಕಲೆಯೂ ಜೋಳದ ಕಾಳಿನಷ್ಟು. ನೀಲಮ್ಮ ಮನೆಗೆ ಬಂದಾಗ ವ್ಯಾಪಾರಿ ನೆರೆಯವರೊಡನೆ ಕಟ್ಟೆಯ ಮೇಲೆ ಕುಳಿತಿದ್ದ. ಎದ್ದು ಬಂದು ಕಾರನ್ನು ನೋಡಿದ.

“ಬುದ್ಧಿ ಇದ್ದವರು ಯಾರಾದರೂ ಜಲ್ಲಿ ಲಾರಿಯ ಬೆನ್ನು ಹತ್ತುತ್ತಾರೆಯೇ? ನಿನ್ನ ಕೈಗೆ ಕಾರು ಕೊಟ್ಟದ್ದೇ ತಪ್ಪಾಯಿತು” ಎಂದ.

ನೆರೆಯವರು ನಕ್ಕರು. ನೀಲಮ್ಮ ಕೀಲಿಯನ್ನು ಗೋಡೆಯ ಮೊಳೆಗೆ ತೂಗುಹಾಕಿ ಒಳಗೆ ಹೋದಳು.

ಮುಂದಿನ ಸಲ ಅವಳು ಅಕ್ಕನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಹಿಂದಿರುಗುವಾಗ ಬಸ್ಸು ತುಂಬಿತ್ತು. ಅಕ್ಕ ಸೀಟುಗಳ ನಡುವೆ ನೆಲದ ಮೇಲೆ ಕುಳಿತು ಬಂದಳು. ಇದನ್ನು ಅದೇ ಬಸ್ಸಿನಲ್ಲಿ ಬಂದ ಹಮಾಲನೊಬ್ಬ ವ್ಯಾಪಾರಿಗೆ ಹೇಳಿದ. ಅಂದು ವ್ಯಾಪಾರಿಗೆ ಊಟ ಸೇರಲಿಲ್ಲ.

ಅವನು ಕೆಟ್ಟವನಲ್ಲ. ಬಾನೆಟ್ಟಿನ ಕಲೆ ಕಂಡಾಗಲೆಲ್ಲ ಅವಳಿಗೆ ನನ್ನ ಮಾತು ನೆನಪಾಗುತ್ತಿರಬೇಕು, ಕಲೆ ಹೋದರೆ ಅದೂ ಹೋಗುತ್ತದೆ ಎಂದುಕೊಂಡ. ಪೇಂಟರ್ ದಾವಲಸಾಬನ ಗ್ಯಾರೇಜಿಗೆ ಕಾರು ಒಯ್ದ.

ದಾವಲಸಾಬ ಬಾನೆಟ್ಟಿನ ಮೇಲೆ ಕೈಯಾಡಿಸಿ ನೋಡಿದ. “ಇವು ಸಣ್ಣವು, ಸಾಹುಕಾರರೇ. ತಗಡಿನ ತನಕ ಹೋಗಿಲ್ಲ. ಇದೇ ಬಣ್ಣದ ಸಣ್ಣ ಸೀಸೆ ಸಿಗುತ್ತದೆ. ಮನೆಯಲ್ಲೇ ಹಚ್ಚಿಕೊಳ್ಳಬಹುದು. ಗುರುತು ಮಾತ್ರ ಸ್ವಲ್ಪ ಉಳಿಯುತ್ತದೆ.”

“ಗುರುತೇ ಉಳಿಯಬಾರದು” ಎಂದ ವ್ಯಾಪಾರಿ.

“ಹಾಗಾದರೆ ನನ್ನಲ್ಲಿ ಬಿಟ್ಟುಹೋಗಿ.”

ದಾವಲಸಾಬ ಒಳ್ಳೆಯ ಕೆಲಸಗಾರ. ಕಾರನ್ನು ಹಿಂದಕ್ಕೆ ತಂದಾಗ ಕಲೆ ಎಲ್ಲಿತ್ತೆಂದು ವ್ಯಾಪಾರಿಗೇ ತಿಳಿಯಲಿಲ್ಲ. ಸಂತೋಷದಿಂದ ಹೆಂಡತಿಯನ್ನು ಹೊರಗೆ ಕರೆದ. ನೀಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ನೋಡಿದಳು. “ಚೆನ್ನಾಗಿ ಮಾಡಿದ್ದಾನೆ” ಎಂದಳು. ಮರುದಿನ ಮತ್ತೆ ಬಸ್ಸಿಗೆ ಹೊರಟಳು.

ವ್ಯಾಪಾರಿ ಬಾಗಿಲಲ್ಲಿ ಅವಳನ್ನು ತಡೆದ. “ಕಾರು ಹೊಸದರಂತಾಗಿದೆಯಲ್ಲ. ಇನ್ನೂ ಯಾಕೆ ಮುಟ್ಟುವುದಿಲ್ಲ?”

“ಹೊಸದರಂತಾಗಿದೆ. ಅದಕ್ಕೇ ಮುಟ್ಟುವುದಿಲ್ಲ ರೀ. ಇನ್ನೊಂದು ಕಲ್ಲು ಬಿದ್ದರೆ ನಾನು ಏನೆಂದು ಮನೆಗೆ ಬರಲಿ?” ಎಂದಳು ನೀಲಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

“ಹಾಗಾದರೆ ಇವತ್ತು ನಾನೇ ಕರೆದುಕೊಂಡು ಹೋಗುತ್ತೇನೆ. ನೀನು ಮನೆಯಲ್ಲಿರು” ಎಂದ. ಅಂಗಡಿಯನ್ನು ಗುಮಾಸ್ತನಿಗೆ ಒಪ್ಪಿಸಿ, ಅಕ್ಕನನ್ನು ಕೂರಿಸಿಕೊಂಡು ಹೊರಟ.

ಹೆದ್ದಾರಿಯಲ್ಲಿ ಲಾರಿ ಕಂಡರೆ ದೂರ ಉಳಿದ. ಜಲ್ಲಿ ಗಾಡಿ ಕಂಡರೆ ನಿಂತು, ಅದು ಮರೆಯಾದ ಮೇಲೆ ಹೊರಟ. ಇಷ್ಟಾದರೂ ಆಸ್ಪತ್ರೆಯಿಂದ ಹಿಂದಿರುಗುವಾಗ ಎದುರಿನಿಂದ ಬಂದ ಬಸ್ಸಿನ ಚಕ್ರಕ್ಕೆ ಸಿಕ್ಕಿ ಒಂದು ಕಲ್ಲು ಸಿಡಿಯಿತು. ಠಕ್ಕೆಂದು ಬಾನೆಟ್ಟಿಗೆ ಬಡಿಯಿತು. ವ್ಯಾಪಾರಿ ಕಾರು ನಿಲ್ಲಿಸಿ ಇಳಿದು ಓಡಿ ಮುಂದೆ ಹೋಗಿ ನೋಡಿದ. ಜೋಳದ ಕಾಳಿನಷ್ಟೇ ಬಣ್ಣ ಎದ್ದಿತ್ತು.

ಅವನು ಮರಳಿ ಬಂದು ಕುಳಿತಾಗ ಹಿಂದಿನ ಸೀಟಿನಿಂದ ಅಕ್ಕ ಮೆಲ್ಲಗೆ ಕೇಳಿದಳು. “ಕಲ್ಲೇನಪ್ಪಾ?”

“ಹೌದು.”

“ನೀಲಾ ಓಡಿಸುವಾಗಲೂ ಹೀಗೇ ಆಯಿತು. ಆ ಸದ್ದಿಗೆ ನನ್ನ ಎದೆ ಹಾರಿತು. ಅವಳು ಕಾರನ್ನು ನಿಧಾನವಾಗಿ ಬದಿಗೆ ತಂದು, ತಿರುಗಿ, ‘ಅಕ್ಕಾ, ಹೆದರಿದೆಯಾ?’ ಎಂದು ಕೇಳಿದಳು. ನಾನು ನೀರು ಕುಡಿದ ಮೇಲೇ ಹೊರಟದ್ದು. ಬಾನೆಟ್ ನೋಡಿದ್ದು ಮನೆಗೆ ಬಂದ ಮೇಲೆ.”

ವ್ಯಾಪಾರಿ ಹಿಂದಕ್ಕೆ ತಿರುಗಿದ. “ಅತ್ತಿಗೆ, ನೀರು ಬೇಕೇ?” ಎಂದು ಕೇಳಿದ. ಅವಳು ಬೇಕೆಂದಳು. ಅವನೇ ಬಾಟಲಿಯ ಮುಚ್ಚಳ ತೆಗೆದು ಕೊಟ್ಟ.

ಅವಳನ್ನು ಮನೆಗೆ ಮುಟ್ಟಿಸಿ ಅವನು ಮತ್ತೆ ಗ್ಯಾರೇಜಿಗೆ ಹೋದ. ದಾವಲಸಾಬ ಕಲೆಯನ್ನು ನೋಡಿ, “ಬಿಟ್ಟುಹೋಗಿ, ಮೊದಲಿನಂತೆಯೇ ಮಾಡಿಕೊಡುತ್ತೇನೆ” ಎಂದ.

“ಬೇಡ ಸಾಬರೇ. ಆ ಸೀಸೆ ಬಣ್ಣ ಎಲ್ಲಿ ಸಿಗುತ್ತದೆ, ಹೇಗೆ ಹಚ್ಚಬೇಕು, ಅಷ್ಟು ಹೇಳಿ.”

ದಾವಲಸಾಬ ಹೇಳಿಕೊಟ್ಟ. “ಚೆನ್ನಾಗಿ ತೊಳೆದು ಒಣಗಿಸಿ. ಬಿಸಿಲಿನಲ್ಲಿ ಹಚ್ಚಬೇಡಿ. ತೆಳ್ಳಗೆ ಹಚ್ಚಿ, ಆರಲು ಬಿಟ್ಟು, ಮತ್ತೆ ಹಚ್ಚಿ. ಅವಸರ ಮಾಡಿದರೆ ಕೆಡುತ್ತದೆ. ಎಷ್ಟೇ ಮಾಡಿದರೂ ಗುರುತು ಉಳಿಯುತ್ತದೆ, ಆಮೇಲೆ ನನ್ನನ್ನು ಅನ್ನಬೇಡಿ.”

“ಉಳಿಯಲಿ” ಎಂದ ವ್ಯಾಪಾರಿ.

ಭಾನುವಾರ ಬೆಳಿಗ್ಗೆ ಮನೆಯ ನೆರಳು ಅಂಗಳದಲ್ಲಿ ಇರುವಾಗಲೇ ಅವನು ಕಾರಿನ ಮುಂದೆ ಸ್ಟೂಲು ಹಾಕಿಕೊಂಡು ಕುಳಿತ. ಕಟ್ಟೆಯ ಮೇಲೆ ನೆರೆಯವರಿದ್ದರು. ಮೆಣಸಿನಕಾಯಿ ತೂಗಿದ ದಪ್ಪ ಬೆರಳುಗಳಲ್ಲಿ ಸಣ್ಣ ಕುಂಚ ನಿಲ್ಲಲಿಲ್ಲ. ಮೊದಲ ಸಲವೇ ಬಣ್ಣ ಹೆಚ್ಚಾಗಿ ಕಣ್ಣೀರಿನಂತೆ ಕೆಳಗೆ ಇಳಿಯಿತು. ಒರೆಸಿದ. ಅದು ಇನ್ನಷ್ಟು ಹರಡಿತು.

“ಸಾಹುಕಾರರೇ, ಈ ಸಲ ಕಲೆ ಮಾಡಿದವರು ಯಾರು?” ಎಂದು ಒಬ್ಬ ಕೇಳಿದ.

ನೀಲಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ವ್ಯಾಪಾರಿ ಅವಳನ್ನು ಕಂಡ. ಎಲ್ಲರಿಗೂ ಕೇಳುವಂತೆ ಹೇಳಿದ: “ನಾನೇ. ಲಾರಿಯಿಂದ ದೂರವಿದ್ದೆ, ಆದರೂ ಕಲ್ಲು ಬಿತ್ತು. ರಸ್ತೆಗಿಳಿದ ಮೇಲೆ ಯಾರಿಗಾದರೂ ಬೀಳುತ್ತದೆ. ಅವತ್ತು ನಿಮ್ಮೆಲ್ಲರ ಮುಂದೆ ನೀಲಮ್ಮನಿಗೆ ನಾನು ಆಡಿದ್ದು ಆಡಬಾರದ ಮಾತು.”

ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ನೀಲಮ್ಮ ಅಂಗಳಕ್ಕೆ ಇಳಿದು ಬಂದಳು. ಬಾನೆಟ್ಟಿನ ಮೇಲೆ ಹರಡಿದ ಬಣ್ಣವನ್ನು ನೋಡಿದಳು. ಅವಳ ತುಟಿ ನಡುಗಿತು. ಅಳುತ್ತಾಳೆ ಎಂದುಕೊಂಡ ವ್ಯಾಪಾರಿ. ಅವಳು ನಕ್ಕುಬಿಟ್ಟಳು.

“ಇದೇನು ರೀ, ಗೋಡೆಗೆ ಸುಣ್ಣ ಬಳಿದ ಹಾಗೆ! ಇಲ್ಲಿ ಕೊಡಿ” ಎಂದು ಕುಂಚ ತೆಗೆದುಕೊಂಡಳು.

ಇಬ್ಬರೂ ಸೇರಿ ಬಣ್ಣ ಒರೆಸಿ, ಒಣಗಿಸಿ, ಮತ್ತೆ ಹಚ್ಚಿದರು. ಅವಳು ಹಚ್ಚಿದಳು, ಅವನು ಸೀಸೆ ಹಿಡಿದ. ನಡುನಡುವೆ ಬಣ್ಣ ಆರುವ ತನಕ ಸುಮ್ಮನೆ ಕುಳಿತರು. ಹಾಗೆ ಇಬ್ಬರೂ ಏನೂ ಮಾಡದೆ ಒಂದು ಕಡೆ ಕುಳಿತು ಬಹಳ ಕಾಲವಾಗಿತ್ತು. ಕೆಲಸ ಮುಗಿದಾಗ ಆ ಜಾಗ ಸ್ವಲ್ಪ ಉಬ್ಬಿತ್ತು, ಸ್ವಲ್ಪ ಕಪ್ಪಾಗಿತ್ತು.

“ಪೂರ್ತಿ ಆರಲು ಎಷ್ಟು ಹೊತ್ತು ಬೇಕಂತೆ?” ಎಂದಳು ನೀಲಮ್ಮ.

“ಸಂಜೆಯ ತನಕ. ಯಾಕೆ?”

“ನಾಳೆ ಅಕ್ಕನನ್ನು ಕರೆದುಕೊಂಡು ಹೋಗಬೇಕಲ್ಲ.”

ವ್ಯಾಪಾರಿ ಮುಖವನ್ನು ಆಚೆ ತಿರುಗಿಸಿಕೊಂಡ.

ಆಮೇಲೆ ಎಷ್ಟೋ ಕಲ್ಲುಗಳು ಬಿದ್ದವು. ಬಿಡುವಾದಾಗ ಇಬ್ಬರೂ ಅವಕ್ಕೆ ಬಣ್ಣ ಹಚ್ಚಿದರು. ಒಂದು ಮಳೆಗಾಲ ಕಳೆದ ಮೇಲೆ ಬಾಗಿಲಿನ ಅಂಚಿನಲ್ಲಿ ಬಣ್ಣ ಉಬ್ಬಿ ಒಳಗೆ ತುಕ್ಕು ಕಾಣಿಸಿತು. ಅದು ತಮ್ಮಿಂದ ಆಗುವ ಕೆಲಸವಲ್ಲವೆಂದು ನೀಲಮ್ಮನೇ ಕಾರನ್ನು ದಾವಲಸಾಬನ ಗ್ಯಾರೇಜಿಗೆ ಓಡಿಸಿಕೊಂಡು ಹೋದಳು. ಅವನು ತುಕ್ಕನ್ನು ಬೇರುಸಹಿತ ಕೆರೆದು ಸರಿಮಾಡಿಕೊಟ್ಟ. ಅಕ್ಕ ಬದುಕಿದ್ದಷ್ಟು ಕಾಲವೂ ದಿಂಬಿಗೆ ಒರಗಿಕೊಂಡೇ ಆಸ್ಪತ್ರೆಗೆ ಹೋಗಿಬಂದಳು.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರ ಹೇಳಿದ: “ನಾನೇ ಹೋಗಬೇಕು, ತಿಳಿಯಿತು. ಆದರೆ ಗುರುಗಳೇ, ಅಣ್ಣನ ಎದುರು ನಿಂತರೆ ನನ್ನ ನಾಲಿಗೆ ತಡವರಿಸುತ್ತದೆ. ಹೇಳಬೇಕಾದದ್ದರಲ್ಲಿ ಅರ್ಧವೂ ಹೊರಗೆ ಬರುವುದಿಲ್ಲ.”

“ತಡವರಿಸಲಿ ಬಿಡು; ಬಂದವನು ತನ್ನ ತಮ್ಮನೇ ಎಂದು ಅವನಿಗೆ ಗೊತ್ತಾಗುತ್ತದೆ” ಎಂದರು ಗುರುಗಳು.

ಚನ್ನವೀರ ಎದ್ದು ಗುರುಗಳಿಗೆ ನಮಸ್ಕರಿಸಿ ಅಣ್ಣನ ಮನೆಯ ಕಡೆ ಹೊರಟ.