ಸುಮ್ಮನೆ ನಿಲ್ಲಲಾರದ ಕಾರು

ಗುರುವಾಗಲು ಕಾವಿಯೇ ಬೇಕೆಂದಿಲ್ಲ. ಗ್ರೀಸ್ ಮೆತ್ತಿದ ಲುಂಗಿಯೂ ಆದೀತು. ನಂಬದವರು ಕೃಷ್ಣಾ ಹೊಳೆಯ ದಂಡೆಯ ರಾಜೇಸಾಬರ ಈ ಒಂದು ಕಥೆ ಕೇಳಬೇಕು.

ನಾಲ್ಕು ಕಂಬ, ಮೇಲೆ ತಗಡು, ಬದಿಗೊಂದು ಜಾಲಿ ಮರ. ಅದೇ ಅವರ ಗ್ಯಾರೇಜು, ಅದೇ ಆಶ್ರಮ. ನೂರು ಹೆಜ್ಜೆ ಇಳಿದರೆ ಹೊಳೆ, ಅಲ್ಲಿ ಕಾರು, ಟ್ರ್ಯಾಕ್ಟರುಗಳನ್ನೂ ಆಚೆ ದಡಕ್ಕೆ ಒಯ್ಯುವ ದೊಡ್ಡ ಬೋಟು. ಊರಿನವರೆಲ್ಲ ಅವರನ್ನು ಉಸ್ತಾದರು ಎನ್ನುತ್ತಿದ್ದರು.

ಶಿಷ್ಯ ಒಬ್ಬನೇ. ಹೆಸರು ಗದಿಗೆಪ್ಪ, ವಯಸ್ಸು ಮೂವತ್ತೈದು. ಟ್ರ್ಯಾಕ್ಟರ್ ಹೊಡೆಯುವುದನ್ನು ಬಿಟ್ಟು ಬಂದು ಆರು ವರ್ಷದಿಂದ ಅವರ ಹತ್ತಿರ ಕೆಲಸ ಕಲಿಯುತ್ತಿದ್ದ.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಯಾವುದೇ ಸ್ಕ್ರೂ ತಿರುಗಿಸಿದರೂ, ಕಾಲು ಸುತ್ತಿಗೊಂದರಂತೆ ಗೆರೆಗಳನ್ನು ಬಾನೆಟ್ಟಿನ ಒಳಮೈಗೆ ಸೀಮೆಸುಣ್ಣದಿಂದ ಎಳೆಯಬೇಕು. ತಪ್ಪಾಗಿದ್ದರೆ ಹಿಂದಿರುಗಲು ದಾರಿ ಇರಲಿ ಎಂದು.

ಒಂದು ದಿನ ಮೂರು ಗಂಟೆಗೆ ಡಾಕ್ಟರ್ ಇಂದುಮತಿಯವರ ಹಳೆಯ ಬಿಳಿ ಕಾರು ಶೆಡ್ಡಿಗೆ ಬಂತು. ಅದು ಬಂದದ್ದು ನಾಲ್ಕನೇ ಸಲ.

ನಾಲ್ಕು ಸಲವೂ ರೋಗ ಒಂದೇ. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಯಾರೋ ಒತ್ತಿ ಹಿಡಿದಂತೆ ಇಂಜಿನ್ ರೇಸ್ ಆಗುತ್ತಿತ್ತು. ನಿಂತ ಕಾರು ನಿಂತಲ್ಲೇ ಒದರುತ್ತಿತ್ತು. ಮೊದಲ ಮೂರು ಸಲ ಅದನ್ನು ನೋಡಿದವನು ಗದಿಗೆಪ್ಪ.

ಕಾರಿನ ಬೆನ್ನಿಗೇ ಬೋಟಿನ ಭೀಮಶಿ ಏದುಸಿರು ಬಿಡುತ್ತ ಬಂದ.

"ಉಸ್ತಾದ್ರ, ಇದನ್ನ ಇನ್ನ ನನ್ನ ಬೋಟಿಗೆ ಹತ್ತಿಸೂದಿಲ್ಲ ನೋಡ್ರಿ. ನಿನ್ನಿ ಹಲಿಗಿ ದಾಟಿದ್ದ ತಡ, ಗೂಳಿ ಬಂದಂಗ ನುಗ್ಗಿತು. ಹಾಲಿನ ಕ್ಯಾನ್ ಕಟ್ಟಿದ ಬೈಕು ಸೀದಾ ಹೊಳಿಗೆ ಹೋತು. ಬೈಕಿನವ ಒಂದು ಗೇಣಿನಾಗ ಉಳದ."

"ಕಡೀ ಬೋಟು ಎಷ್ಟಕ್ಕ?" ಉಸ್ತಾದರು ಕೇಳಿದರು.

"ಐದಕ್ಕ. ಅಷ್ಟರಾಗ ಇದು ಸುಮ್ಮ ನಿಂತ್ರ ಸೈ. ಇಲ್ಲಂದ್ರ ಈ ಕಾರು ಇನ್ನ ಈ ದಂಡ್ಯಾಗ ಇರ್ಲಿ."

ಡಾಕ್ಟರ ಮುಖ ಇಳಿದುಹೋಯಿತು. ಆಚೆ ದಡದ ಮೂರು ಹಳ್ಳಿಗೆ ಡಾಕ್ಟರ್ ಎಂದರೆ ಅವರೊಬ್ಬರೇ. ಸೇತುವೆ ಸುತ್ತಿ ಹೋಗುವುದಾದರೆ ತೊಂಬತ್ತು ಕಿಲೋಮೀಟರ್.

ಗದಿಗೆಪ್ಪ ಮುಖ ಹುಳ್ಳಗೆ ಮಾಡಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ.

"ಮೊದಲ್ನೇ ಸಲ ಏನ್ ಮಾಡಿದ್ಯೋ?"

"ಐಡ್ಲಿಂಗ್ ಸ್ಕ್ರೂ ಇಳಿಸಿದ್ನಿರಿ."

"ಎರಡ್ನೇ ಸಲ?"

"ಇನ್ನೊಂದೀಟು ಇಳಿಸಿದ್ನಿರಿ."

"ಮೂರನೇ ಸಲ?"

"ಪೂರ್ತಿ ಇಳಿಸೀನ್ರಿ. ಈಗ ಇಳಿಸಾಕ ಏನೂ ಉಳಿದಿಲ್ಲ. ಆದ್ರೂ ಒದರತೈತಿ."

ಕಾಲು ತೆಗೆದಾಗ ಇಂಜಿನ್ ಎಷ್ಟು ಉಸಿರಾಡಬೇಕು ಎಂದು ಹೇಳುವುದೇ ಆ ಸ್ಕ್ರೂ. ಇಳಿಸಿದರೆ ಉಸಿರು ಕಡಿಮೆ, ವೇಗವೂ ಕಡಿಮೆ. ಯಾವ ಮೆಕ್ಯಾನಿಕ್ಕೂ ಮೊದಲು ಕೈ ಹಾಕುವುದು ಅದಕ್ಕೇ. ಗದಿಗೆಪ್ಪನನ್ನು ಅಷ್ಟಕ್ಕೇ ದೂರುವುದು ಬೇಡ.

"ಬಾನೆಟ್ ತೆಗೀಲೇನ್ರಿ?" ಅವನು ಕೇಳಿದ.

"ತೆಗದು ತೆಗದು ಅದಕ್ಕ ನೆಗಡಿ ಆಗೇತಿ. ಇರ್ಲಿ ಬಿಡು."

ಉಸ್ತಾದರು ಡಾಕ್ಟರಿಗೆ ಸ್ಟೂಲು ಸರಿಸಿ ತಾವು ಹಳೆಯ ಟೈರಿನ ಮೇಲೆ ಕೂತರು.

"ಬಾಯಾರ, ನಿಮ್ಮ ಕಡೆ ರೋಗಿ ಬಂದ್ರ ಮೊದಲ ಏನ್ ಮಾಡ್ತೀರಿ?"

"ಏನಾಗ್ತದ ಅಂತ ಕೇಳ್ತೀನಿ."

"ಹಂಗಾರ ನಿಮಗ ಏನಾಗ್ತೈತಿ ಹೇಳ್ರಿ."

"ನನಗೇನಾಗ್ತದ? ರೋಗ ಕಾರಿಂದು!"

"ಕಾರಿಗೆ ಮಾತು ಬರೂದಿಲ್ರಿ. ಅದೇನಿದ್ರೂ ನಿಮ್ಮ ಕಾಲಿಗೆ ಹೇಳಿರ್ತೈತಿ."

ಡಾಕ್ಟರು ನಗಲು ಹೋಗಿ ತಡೆದು ಯೋಚಿಸಿದರು.

"ಬ್ರೇಕ್ ತುಳಿದ್ರ ಕಲ್ಲು ತುಳಿದಂಗ ಆಗ್ತದ. ಸಂಜಿಗೆ ಬಲಗಾಲಿನ ಮೀನಖಂಡ ನೋಯ್ತದ. ನನಗ ವಯಸ್ಸಾತು ಅನ್ಕೊಂಡೆ."

"ಯಾವಾಗಿಂದ?"

"ಇದು ಒದರಲಿಕ್ಕೆ ಹತ್ತಿದಾಗಿಂದ. ಗದಿಗೆಪ್ಪಗೂ ಹೇಳಿದ್ನಲ್ಲ."

ಉಸ್ತಾದರು ಶಿಷ್ಯನ ಕಡೆ ನೋಡಿದರು.

"ಹೇಳಿದ್ರು ಖರೇರಿ," ಎಂದ ಗದಿಗೆಪ್ಪ. "ಆದ್ರ ಅದು ಬ್ರೇಕಿನ ಮಾತು. ಇದು ಇಂಜಿನ್ ರೋಗ. ಎರಡೂ ಬ್ಯಾರೆ ಅಂತ ಬಿಟ್ನಿ."

"ಕಾಲಾಗ ಮುಳ್ಳು ಮುರಿದ್ರ ಕಣ್ಣಾಗ ನೀರು ಯಾಕ ಬರ್ತಾವೋ?"

ಗದಿಗೆಪ್ಪ ಕಂಬ ಬಿಟ್ಟು ಕಾರಿನ ಹತ್ತಿರ ಬಂದ.

ಉಸ್ತಾದರು ಆಗ ಬಾನೆಟ್ ಎತ್ತಿದರು. ಇಂಜಿನ್ ಚಾಲೂ ಮಾಡಿಸಿದರು. ಹೆಗಲ ಮೇಲಿನ ವಸ್ತ್ರವನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಬೆರಳು ದಪ್ಪದ ಒಂದು ಕರಿ ಪೈಪಿಗೆ ಬಿಗಿಯಾಗಿ ಸುತ್ತಿದರು.

ಒದರಾಟ ಸಟ್ಟನೆ ಇಳಿಯಿತು. ಇಂಜಿನ್ ಎರಡು ಸಲ ಬಿಕ್ಕಿತು. ಆಮೇಲೆ ಸತ್ತೇಹೋಯಿತು.

ಎಷ್ಟು ನಿಶ್ಶಬ್ದವಾಯಿತೆಂದರೆ ಕೆಳಗೆ ಹೊಳೆಯ ನೀರು ಬೋಟಿಗೆ ಬಡಿಯುವುದೂ ಕೇಳಿಸಿತು.

"ಸುಮ್ಮ ನಿಲ್ಲಸ್ರಿ ಅಂದ್ರ ಜೀವಾನ ತೆಗದ್ರಲ್ಲ ಉಸ್ತಾದ್ರ!" ಭೀಮಶಿ ನಕ್ಕ.

ಉಸ್ತಾದರೂ ನಕ್ಕರು. ವಸ್ತ್ರ ಬಿಚ್ಚಿ, ಪೈಪನ್ನು ಬಗ್ಗಿಸಿ ಶಿಷ್ಯನಿಗೆ ತೋರಿಸಿದರು. ಅಡಿಯಲ್ಲಿ ಜೋಳದ ಕಾಳಿನಷ್ಟು ಉದ್ದದ ಸೀಳು. ಬಗ್ಗಿಸಿದಾಗ ಬಾಯಿ ತೆರೆಯುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು.

"ಇದು ಎಲ್ಲಿಂದ ಎಲ್ಲಿಗೆ ಹೋಗ್ತೈತಿ?"

ಗದಿಗೆಪ್ಪ ಬೆರಳಿಟ್ಟುಕೊಂಡು ಹೋದ. ಬೆರಳು ಇಂಜಿನ್ನಿಂದ ಹೊರಟು ಬ್ರೇಕಿನ ಹತ್ತಿರ ಹೋಗಿ ನಿಂತಿತು. ಅವನ ಮುಖ ನೋಡಬೇಕಿತ್ತು.

ಇಂಜಿನ್ ಆ ಪೈಪಿನಿಂದ ಗಾಳಿ ಎಳೆದುಕೊಂಡೇ ಬ್ರೇಕಿಗೆ ಬಲ ಕೊಡುತ್ತಿತ್ತು. ಪೈಪು ಸೀಳಿದಾಗ ಹೊರಗಿನ ಗಾಳಿ ಕದ್ದು ಒಳಗೆ ಬಂತು. ಇಂಜಿನ್ನಿಗೆ ಉಸಿರು ಹೆಚ್ಚಾಯಿತು, ಬ್ರೇಕಿಗೆ ಬಲ ಹೋಯಿತು. ಸ್ಕ್ರೂ ಎಷ್ಟು ಇಳಿಸಿದರೂ ಆ ಕಳ್ಳದಾರಿ ತೆರೆದೇ ಇತ್ತು. ಮೂರು ಸಲ ಬಾನೆಟ್ ಎತ್ತಿದವನಿಗೆ ಕಾಣದ್ದು, ಟೈರಿನ ಮೇಲೆ ಕೂತು ಕೇಳಿದವರಿಗೆ ಸಿಕ್ಕಿತು. ಇಂಥವರನ್ನು ನೋಡಿದರೆ ನನಗಂತೂ ಕೈ ಮುಗಿಯಬೇಕೆನಿಸುತ್ತದೆ.

ಉಸ್ತಾದರು ತಗಡಿನ ಡಬ್ಬಿಯಿಂದ ಹೊಸ ಪೈಪು ತೆಗೆದು ಹಾಕಿ ಕ್ಲಿಪ್ ಬಿಗಿದರು. ಚಾವಿ ತಿರುಗಿಸಿದರು. ಇಂಜಿನ್ ಹತ್ತಿತು, ಹತ್ತಿದ ಹಾಗೇ ಬಂದ್ ಬಿತ್ತು.

"ಮತ್ತ ಸತ್ತಿತಲ್ರಿ!" ಗದಿಗೆಪ್ಪ ಗಾಬರಿಯಾದ.

"ರೋಗ ಹೋತು. ಈಗ ಉಳದದ್ದು ನಾವು ಮಾಡಿದ ರಿಪೇರಿ."

ನೀನು ಎನ್ನಲಿಲ್ಲ ಅವರು, ನಾವು ಎಂದರು. ಬೈದಿದ್ದರೆ ಗದಿಗೆಪ್ಪನಿಗೆ ಅಷ್ಟು ನೋಯುತ್ತಿರಲಿಲ್ಲ.

"ಕಳ್ಳಗಾಳಿ ನಿಂತೈತಿ, ಸ್ಕ್ರೂನೂ ಪೂರ್ತಿ ಇಳದೈತಿ, ಉಸಿರು ಎಲ್ಲಿಂದ ಬರಬೇಕು? ಎಷ್ಟು ಸುತ್ತು ಇಳಿಸಿದ್ದಿ? ಅಷ್ಟ ಏರಿಸು."

ಹೇಳುತ್ತ ಉಸ್ತಾದರು ಬಾನೆಟ್ಟಿನ ಒಳಮೈ ನೋಡಿದರು. ಅಲ್ಲಿ ಒಂದು ಗೆರೆಯೂ ಇರಲಿಲ್ಲ.

"ಮೊದಲ್ನೇ ಸಲ ಎಳದಿದ್ನಿರಿ," ಗದಿಗೆಪ್ಪನ ದನಿ ಇಳಿಯಿತು. "ಗಾಡಿ ತಿರುಗಿ ಬಂತು. ನೀವು ನೋಡಿದ್ರ ಏನ್ ಅನ್ನಕೋತೀರೋ ಅಂತ ನಾಚಿಕಿ ಆತು. ಅಂಗೈಲೆ ಒರಸಿಬಿಟ್ನಿ. ಆಮ್ಯಾಲೆ ಎಳೀಲೇ ಇಲ್ಲ."

ಗಂಟೆ ನಾಲ್ಕು ಹತ್ತು. ಡಾಕ್ಟರು ಗಡಿಯಾರ ನೋಡಿಕೊಂಡರು. ಗದಿಗೆಪ್ಪ ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಹಿಡಿದು ಗುರುವಿನ ಮುಂದೆ ಚಾಚಿದ.

"ನೀವ ಮಾಡ್ರಿ ಉಸ್ತಾದ್ರ. ನನ್ನ ಕೈಯಾಗ ಆಗೂದಿಲ್ಲ. ಹೊತ್ತೂ ಇಲ್ಲ."

ಉಸ್ತಾದರು ಎರಡೂ ಕೈ ಬೆನ್ನಿನ ಹಿಂದೆ ಕಟ್ಟಿಕೊಂಡರು.

"ಗೆರಿ ಒರಸೀದಿ. ಆರು ವರ್ಷ ಕೇಳಿದ್ದನ್ನ ಹೆಂಗ ಒರಸ್ತಿ? ಕಿವೀಲೆ ಎಣಿಸು."

ಗದಿಗೆಪ್ಪ ಬಗ್ಗಿದ. ಕಾಲು ಸುತ್ತು ಏರಿಸಿದ. ಡಾಕ್ಟರು ಚಾವಿ ತಿರುಗಿಸಿದರು. ಇಂಜಿನ್ ಹತ್ತಿ ಸತ್ತಿತು. ಇನ್ನೊಂದು ಕಾಲು ಸುತ್ತು. ನಾಲ್ಕು ಉಸಿರು ಆಡಿ ಸತ್ತಿತು. ಪ್ರತಿ ಸಲವೂ ಅವನು ಒಂದು ಗೆರೆ ಎಳೆದ, ಬೆವರು ಗಲ್ಲದಿಂದ ಇಳಿದರೂ ಎಳೆದ.

ಏಳನೆಯ ಗೆರೆಗೆ ಇಂಜಿನ್ ಸಾಯದೆ ನಡುಗುತ್ತ ಓಡತೊಡಗಿತು. ಎಂಟನೆಯದಕ್ಕೆ ನಡುಕವೂ ನಿಂತಿತು. ಕಾರಿನ ದೀಪ ಹಾಕಿಸಿ ಇಂಜಿನ್ನಿಗೆ ಭಾರ ಕೊಟ್ಟು ನೋಡಿದ, ಸಾಯಲಿಲ್ಲ. ಆಕ್ಸಿಲರೇಟರ್ ತುಳಿಸಿ ಬಿಡಿಸಿದ, ಏರಿದ್ದು ತಾನಾಗಿಯೇ ಇಳಿದು ತನ್ನ ಜಾಗಕ್ಕೆ ಬಂತು.

ಡಾಕ್ಟರು ಬ್ರೇಕ್ ತುಳಿದರು. "ಅಯ್ಯ, ಬೆಣ್ಣಿ ಆಗ್ಯದಲ್ಲ!" ಎಂದರು.

"ಒಮ್ಮೆ ನೀವು ಕೇಳ್ರಿ ಉಸ್ತಾದ್ರ."

"ನಿನಗ ಹೆಂಗ ಕೇಳಸ್ತೈತಿ?"

"ಸರಿ ಐತಿ ಅನ್ನಸ್ತೈತ್ರಿ."

"ಅನ್ನಸ್ತೈತ್ಯೋ, ಐತ್ಯೋ?"

ಗದಿಗೆಪ್ಪ ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದ. "ಐತ್ರಿ."

"ನಡಿ ಹಂಗಾರ."

ಅವರು ಬಾನೆಟ್ಟಿನ ಹತ್ತಿರವೂ ಬರಲಿಲ್ಲ.

ಐದಕ್ಕೆ ಇನ್ನೂ ಐದು ನಿಮಿಷವಿತ್ತು. ಬೋಟಿನಲ್ಲಿ ಮಂದಿ ತುಂಬಿದ್ದರು. ಕಾರು ಇಳಿಜಾರಿನಲ್ಲಿ ಬಂದು ಹಲಗೆಯ ಮುಂದೆ ನಿಂತಿತು. ಭೀಮಶಿ ಅಡ್ಡ ಬಂದ.

"ಸ್ಕ್ರೂ ಯಾರು ತಿರುವಿದ್ರು?"

"ಗದಿಗೆಪ್ಪ," ಎಂದರು ಉಸ್ತಾದರು.

"ಮತ್ತ ಅವನ? ನಿನ್ನಿ ಬೈಕು ಹೊಳಿಗೆ ಹೋದದ್ದೂ ಅವನ ರಿಪೇರಿಯಿಂದನ ಅಲ್ಲೇನ್ರಿ? ನೀವಾದ್ರೂ ನೋಡೀರಿಲ್ಲೋ?"

"ಇಲ್ಲ."

"ನೀವು ನೋಡಿಲ್ಲಂದ್ರ ಯಾರ ಮಾತಿನ ಮ್ಯಾಲೆ ಹತ್ತಿಸ್ಲಿರಿ? ಇಷ್ಟು ಮಂದಿ ಜೀವದ ಮಾತು."

ಉಸ್ತಾದರು ಹಲಗೆ ಹತ್ತಿ ಬೋಟಿಗೆ ಹೋದರು. ಮುಂದಿದ್ದವರನ್ನೆಲ್ಲ ಎರಡೂ ಬದಿಗೆ ಸರಿಸಿದರು. ಬೋಟಿನ ಆ ತುದಿಗೆ ಕಟಾಂಜನವಿಲ್ಲ, ಒಂದು ಸರಪಳಿ ಮಾತ್ರ. ಅಲ್ಲಿ ಹೋಗಿ ನೀರಿಗೆ ಮುಖ ಮಾಡಿ, ಕಾರಿಗೆ ಬೆನ್ನು ಕೊಟ್ಟು ನಿಂತರು.

"ಬರ್ರಿ ಬಾಯಾರ," ಎಂದು ಕೂಗಿದರು.

"ಉಸ್ತಾದ್ರ, ಬದಿಗೆ ಸರೀರಿ!" ಗದಿಗೆಪ್ಪ ದಂಡೆಯಿಂದ ಕೂಗಿದ.

ಅವರು ಅಲುಗಲಿಲ್ಲ. ಜೇಬಿನಿಂದ ಎಲೆ ತೆಗೆದು ನಿಧಾನಕ್ಕೆ ಸುಣ್ಣ ಹಚ್ಚತೊಡಗಿದರು.

ಡಾಕ್ಟರು ಗಾಜು ಇಳಿಸಿದರು. ಅವರು ನೋಡಿದ್ದು ಉಸ್ತಾದರನ್ನಲ್ಲ, ಗದಿಗೆಪ್ಪನನ್ನು.

"ತರಲೇನಪಾ?"

ಬೇಡ ಎಂದುಬಿಡಬಹುದಿತ್ತು. ಕಾರು ಈ ದಡದಲ್ಲೇ ಉಳಿಯುತ್ತಿತ್ತು, ಅಷ್ಟೇ. ಅವನು ಇಂಜಿನ್ನಿನ ಸದ್ದು ಕೇಳಿದ. ಅದು ಒದರುತ್ತಿರಲಿಲ್ಲ, ನಡುಗುತ್ತಿರಲಿಲ್ಲ. ಇಷ್ಟು ದಿನ ತನ್ನ ಕಿವಿಯನ್ನು ತಾನೇ ನಂಬಿರಲಿಲ್ಲ ಎಂದು ಅವನಿಗೆ ಆಗ ಗೊತ್ತಾಯಿತು.

"ತರ್ರಿ," ಎಂದ.

ಕಾರು ಹಲಗೆ ಹತ್ತಿತು. ಭಾರಕ್ಕೆ ಬೋಟು ಒಂದಿಷ್ಟು ತಗ್ಗಿತು. ಕಾರು ಮೆಲ್ಲಗೆ ಮುಂದೆ ಬಂತು, ಇನ್ನೂ ಮೆಲ್ಲಗಾಯಿತು, ನಿಂತಿತು. ಬಂಪರಿಗೂ ಉಸ್ತಾದರ ಲುಂಗಿಗೂ ನಡುವೆ ಎರಡು ಮೊಳ ಜಾಗ ಉಳಿದಿತ್ತು.

ಭೀಮಶಿ ಹಗ್ಗ ಬಿಚ್ಚಿದ.

ಗದಿಗೆಪ್ಪ ಓಡಿ ಬಂದು ಸರಪಳಿ ಹಿಡಿದುಕೊಂಡ. ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

"ನಿಮಗೇನಾರ ಆಗಿದ್ರ ನಾ ಏನ್ ಮಾಡಬೇಕಿತ್ರಿ? ಒಮ್ಮೆರ ಹೊಳ್ಳಿ ನೋಡಬಾರದಾಗಿತ್ತಾ?"

ಉಸ್ತಾದರು ಎಲೆ ಮಡಚಿ ಬಾಯಿಗಿಟ್ಟುಕೊಂಡರು.

"ಹೊಳ್ಳಿ ನೋಡಿದ್ರ, ನೀ ಇಟ್ಟ ಸ್ಕ್ರೂ ಮತ್ತ ನಾನ ತಿರುವಿದಂಗ ಆಗ್ತಿತ್ತಲ್ಲೋ."